ಕೊಚ್ಚಿ ಪಂದ್ಯಕ್ಕೆ ಹೊರಡುವವರಿಗೆ: ಮಾಕುಟ್ಟವೋ, ಮೈಸೂರೋ?

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಆಡುವ ಲೀಗ್ ಪಂದ್ಯವನ್ನು ಎದುರು ನೋಡುತ್ತಿರುವ ಕೊಡಗಿನ ಅಭಿಮಾನಿಗಳಿಗೆ, ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲದ ಕಾರಣ, ಎರಡು ದಾರಿಗಳಿವೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯಿಳಿದು ಇರಿಟ್ಟಿಯ ಮೂಲಕ ಕಣ್ಣೂರು ಸೇರಿದರೆ, ಅಲ್ಲಿಂದ ಕೊಚ್ಚಿಯ ಎರ್ನಾಕುಲಕ್ಕೆ ಹಲವು ರೈಲುಗಳು ಸಿಗುತ್ತವೆ; ಮಳೆಗಾಲದಲ್ಲಿ ಮಾತ್ರ ಆ ರಸ್ತೆಗೆ ಮರ ಉರುಳುವುದು, ಮಣ್ಣು ಜರಿಯುವುದು ಹೊಸತಲ್ಲ. ಮೈಸೂರಿನ ರೈಲಿಗೆ ಘಾಟಿಯ ಭಯವಿಲ್ಲ, ಆದರೆ ಅದು ಬೆಂಗಳೂರು, ಸೇಲಂ ಬಳಸಿ ಹೋಗುತ್ತದೆ. ಕುಶಾಲನಗರದವರಿಗೆ ಮೈಸೂರು ಸರಿ. ಉಳಿದವರಿಗೆ, ಮಳೆಯಿಲ್ಲದಿದ್ದರೆ, ಮಾಕುಟ್ಟವೇ ಮೇಲು.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದಿತ್ತು. ಆ ಬಿಸಿ ಇನ್ನೂ ಆರಿಲ್ಲವಾದ್ದರಿಂದ, ಯಾವ ದಾರಿ ಹಿಡಿದರೂ ಬೆಂಗಳೂರು ತಂಡದ ನೀಲಿ ಜೆರ್ಸಿಯನ್ನು ಅತಿಥಿ ಅಭಿಮಾನಿಗಳ ವಿಭಾಗ ತಲುಪಿದ ಮೇಲೆ ತೊಡುವುದು ಲೇಸು.