ಹಾಲಕ್ರಸಿ ಬಳಸಿ ನೋಡಿದೆವು: ಮೀಟಿಂಗಿಗೆ ಫುಲ್ ಮಾರ್ಕ್ಸ್, ಸಂಬಳದ ಪ್ರಶ್ನೆಗೆ ಉತ್ತರವಿಲ್ಲ

ಟೀಮುಗಳು ತಮ್ಮ ಕೆಲಸವನ್ನು ತಾವೇ ನಡೆಸಿಕೊಳ್ಳಲಿ ಅಂತ ನಮ್ಮ ಆಫೀಸಿಗೆ ಹಾಲಕ್ರಸಿ ಬಂತು. ಬ್ರಯಾನ್ ರಾಬರ್ಟ್‌ಸನ್ ತಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಯೋಗ ಮಾಡುತ್ತಾ ರೂಪಿಸಿದ ಪದ್ಧತಿ ಇದು. ನಿಯಮಗಳೆಲ್ಲ ಒಂದು 'ಸಂವಿಧಾನ'ದಲ್ಲಿವೆ, ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು. ಕಂಪನಿಯ ಮುಖ್ಯಸ್ಥರು ಅದನ್ನು ಒಪ್ಪಿ ಸಹಿ ಹಾಕಿದ ಮೇಲೆ ಅವರೂ ಅದನ್ನು ಮೀರುವಂತಿಲ್ಲ.

ಇಲ್ಲಿ ಹುದ್ದೆಗಿಂತ ರೋಲ್ ಮುಖ್ಯ. ಒಬ್ಬರಿಗೇ ಹಲವು ರೋಲ್ ಇರಬಹುದು. ಪ್ರತಿ ರೋಲ್‌ನ ಉದ್ದೇಶ, ಜವಾಬ್ದಾರಿ ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು. ನಿಮ್ಮ ರೋಲ್‌ನ ಕೆಲಸದಲ್ಲಿ ನಿರ್ಧಾರ ನಿಮ್ಮದೇ, ಇನ್ನೊಬ್ಬರ ವ್ಯಾಪ್ತಿಗೆ ಕೈ ಹಾಕದಿದ್ದರೆ ಸಾಕು.

ನನಗೆ ತುಂಬಾ ಹಿಡಿಸಿದ್ದು ಗವರ್ನೆನ್ಸ್ ಮೀಟಿಂಗ್, ಅಂದರೆ ಯಾವ ರೋಲ್‌ಗೆ ಏನು ಅಧಿಕಾರ ಅಂತ ತೀರ್ಮಾನಿಸುವ ಸಭೆ. ರೀಫಂಡ್ ಕೊಡುವ ಅಧಿಕಾರ ಗ್ರಾಹಕರ ಜೊತೆ ಮಾತಾಡುವ ರೋಲ್‌ಗೇ ಇರಲಿ ಅಂತ ನಮ್ಮ ಟೀಮಿನ ಹೊಸ ಹುಡುಗಿ ಪ್ರಸ್ತಾಪ ಇಟ್ಟಳು. ಮೊದಲು ಬರೀ ಪ್ರಶ್ನೆ, ಆಮೇಲೆ ಒಬ್ಬೊಬ್ಬರದೇ ಅಭಿಪ್ರಾಯ. ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರೆ ಮೀಟಿಂಗ್ ನಡೆಸುವ ಫೆಸಿಲಿಟೇಟರ್ "ಸರ್, ನಿಮ್ಮ ಸರದಿ ಬಂದಾಗ ಹೇಳಿ" ಅಂತ ತಡೆದರು! ಕೊನೆಗೆ ಆಕ್ಷೇಪಣೆಯ ಸುತ್ತು. "ನನಗೆ ಯಾಕೋ ಸರಿ ಅನ್ನಿಸ್ತಿಲ್ಲ" ಅಂದರೆ ಅದು ಆಕ್ಷೇಪಣೆಯೇ ಅಲ್ಲ, ಇದರಿಂದ ಕೆಲಸಕ್ಕೆ ಏನು ಹಾನಿ ಅಂತ ತೋರಿಸಬೇಕು. ಲೆಕ್ಕಪತ್ರ ನೋಡುವವರು ದೊಡ್ಡ ಮೊತ್ತದ ರೀಫಂಡ್ ತಮಗೆ ತಿಳಿಸದೆ ಕೊಟ್ಟರೆ ಲೆಕ್ಕ ಏರುಪೇರಾಗುತ್ತದೆ ಅಂದರು, ಅದಕ್ಕೊಂದು ಮಿತಿ ಸೇರಿಸಿದರು, ಪ್ರಸ್ತಾಪ ಪಾಸಾಯಿತು. ಜೋರು ದನಿಯವರೇ ಗೆಲ್ಲುವ ಮೀಟಿಂಗುಗಳಲ್ಲಿ ಕೂತು ಬೇಸತ್ತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕೊರತೆಯೂ ಇದೆ. ಯಾರನ್ನು ಕೆಲಸಕ್ಕೆ ತಗೋಬೇಕು, ಯಾರಿಗೆ ಎಷ್ಟು ಸಂಬಳ ಅನ್ನೋದಕ್ಕೆ ಇದರಲ್ಲಿ ಸಿದ್ಧ ಉತ್ತರ ಇಲ್ಲ, ಅದನ್ನು ಕಂಪನಿಯೇ ಬೇರೆ ಮಾಡಿಕೊಳ್ಳಬೇಕು. ನಮ್ಮಲ್ಲಿ ಅದು ಹಳೇ ಮ್ಯಾನೇಜರುಗಳ ಕೈಯಲ್ಲೇ ಉಳಿಯಿತು. ಇನ್‌ಕ್ರಿಮೆಂಟ್ ಬರೆಯುವವರ ಎದುರು ಆಕ್ಷೇಪಣೆ ಎತ್ತೋಕೆ ಎಷ್ಟು ಜನಕ್ಕೆ ಧೈರ್ಯ ಬರುತ್ತೆ ಹೇಳಿ? ಜೊತೆಗೆ ಬರೆದಿಡುವ ಕೆಲಸ ಜಾಸ್ತಿ, ಮೀಟಿಂಗಿನ ಶಿಸ್ತು ರೂಢಿಯಾಗುವವರೆಗೆ ಉಸಿರುಗಟ್ಟಿದ ಹಾಗಿರುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಹಾಲಕ್ರಸಿ ತಂದಿದ್ದ ಅಮೆರಿಕದ ಆನ್‌ಲೈನ್ ಶೂ ಅಂಗಡಿ ಝಾಪೋಸ್ 2015ರಲ್ಲಿ, ಈ ದಾರಿ ಬೇಡದವರು ಹಣ ತಗೊಂಡು ಹೊರಡಬಹುದು ಅಂದಾಗ ಮೊದಲಿಗೇ ಸುಮಾರು 14% ಜನ ಹೊರಟರು, ಎಲ್ಲರೂ ಇದೇ ಕಾರಣಕ್ಕೆ ಅಂತಲ್ಲ. ಬ್ಲಾಗ್ ಬರಹಗಳ ತಾಣ ಮೀಡಿಯಂ 2016ರಲ್ಲಿ ಇದನ್ನು ಕೈಬಿಟ್ಟಿತು.

ಹಾಗಂತ ಬೇಡ ಅನ್ನಲ್ಲ. ಮುಖ್ಯಸ್ಥರಿಗೆ ನಿಜಕ್ಕೂ ಅಧಿಕಾರ ಬಿಟ್ಟುಕೊಡುವ ಮನಸ್ಸಿದ್ದರೆ ತನ್ನಿ, ಸುಮ್ನೆ ಹೆಸರಿಗೆ ಬೇಡ. ಸಂವಿಧಾನದ 5.0 ಆವೃತ್ತಿಯಲ್ಲಿ ಒಂದೊಂದೇ ಭಾಗ ಅಳವಡಿಸಿಕೊಳ್ಳುವ ಅವಕಾಶ ಇದೆ. ರೋಲ್ ಬರೆಯುವುದರಿಂದ ಶುರು ಮಾಡಿ, ಸಂಬಳ ಯಾರು ನಿರ್ಧರಿಸುತ್ತಾರೆ ಅನ್ನೋದನ್ನ ಮೊದಲ ದಿನವೇ ಕೇಳಿ.