ಅಂಕಪಟ್ಟಿ ಇಲ್ಲದ ನೇರ ಪ್ರಸಾರ: ಲೀಗ್ 2 ಪಂದ್ಯಗಳನ್ನು ತೋರಿಸುವ ಆ್ಯಪ್‌ನ ವಿಮರ್ಶೆ

2024ರ ಫೆಬ್ರುವರಿಯಲ್ಲಿ ನೇಪಾಳದ ಕೀರ್ತಿಪುರದಲ್ಲಿ ನೇಪಾಳ, ನಮೀಬಿಯಾ ಮತ್ತು ನೆದರ್ಲೆಂಡ್ಸ್ ತಂಡಗಳ ತ್ರಿಕೋನ ಸರಣಿಯೊಂದಿಗೆ, ಏಕದಿನ ಕ್ರಿಕೆಟ್ ವಿಶ್ವಕಪ್‌ನ ಅರ್ಹತೆಗಾಗಿ ಸಣ್ಣ ತಂಡಗಳು ಆಡುವ ವಿಶ್ವಕಪ್ ಲೀಗ್ 2ರ ಈಗಿನ ಆವೃತ್ತಿ ಆರಂಭವಾಯಿತು. ಅಂದಿನಿಂದ ಈ ಲೀಗಿನ ಪಂದ್ಯಗಳನ್ನು ನಾನು ಮೊಬೈಲ್ ಆ್ಯಪ್ ಒಂದಕ್ಕೆ ಹಣ ಕಟ್ಟಿ ನೋಡುತ್ತ ಬಂದಿದ್ದೇನೆ. ಪ್ರಸಾರದ ಹಕ್ಕು ಇಂದು ಒಬ್ಬರ ಬಳಿ ಇದ್ದರೆ ನಾಳೆ ಇನ್ನೊಬ್ಬರ ಬಳಿ ಇರುತ್ತದೆ. ಆದ್ದರಿಂದ ಆ್ಯಪ್‌ನ ಹೆಸರನ್ನು ಬದಿಗಿಟ್ಟು, ಇಂತಹ ಸೇವೆಯಿಂದ ನೋಡುಗನಿಗೆ ಏನು ಸಿಗುತ್ತದೆ, ಏನು ಸಿಗಬೇಕಾಗಿತ್ತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ನಾನು ಬೆಳಗಾವಿಯ ಟಿಳಕವಾಡಿಯವನು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಧಾರವಾಡ ವಲಯದ ಡಿವಿಷನ್ ಲೀಗ್ ಪಂದ್ಯಗಳಿಗೆ ಅನೇಕ ವರ್ಷ ಸ್ಕೋರರ್ ಆಗಿ ಕುಳಿತಿದ್ದೇನೆ. ಈ ವಿಮರ್ಶೆಯಲ್ಲಿ ಲೆಕ್ಕದ ಕಡೆಗೇ ಹೆಚ್ಚು ಒಲವು ಕಂಡರೆ ಅದಕ್ಕೆ ಇದೇ ಕಾರಣ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ ಇಂತಹ ಪಂದ್ಯಗಳ ಫಲಿತಾಂಶ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಒಂದು ಸಾಲು ಬಂದರೆ ಅದೇ ಹೆಚ್ಚಾಗಿತ್ತು. ಈಗ ಬೆಳಗ್ಗೆ ಚಹಾ ಕುಡಿಯುವ ಹೊತ್ತಿಗೆ ನೇಪಾಳದ ಪಂದ್ಯ, ಊಟದ ಹೊತ್ತಿಗೆ ಒಮಾನ್ ಅಥವಾ ನಮೀಬಿಯಾದ ಪಂದ್ಯ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಸ್ಕಾಟ್ಲೆಂಡಿನ ಪಂದ್ಯ, ರಾತ್ರಿ ಅಮೆರಿಕದ ಪಂದ್ಯ ಹೀಗೆ ಎಲ್ಲವೂ ಅಂಗೈಯಲ್ಲೇ ಇವೆ. ಒಂದು ಸರಣಿಯ ಪಾಸ್‌ಗೆ ನಾನು ಕೊಡುವ ಹಣಕ್ಕೆ ಖಡೇಬಜಾರಿನಲ್ಲಿ ಎರಡು ಪ್ಲೇಟ್ ಮಿಸಳ್ ಬಂದಾವು, ಅದಕ್ಕಿಂತ ಹೆಚ್ಚೇನಿಲ್ಲ. ಆ ಹಣಕ್ಕೆ ಆರು ಏಕದಿನ ಪಂದ್ಯಗಳು ಪೂರ್ತಿಯಾಗಿ ಸಿಗುತ್ತವೆ. ಕ್ಯಾಮೆರಾಗಳು ಕಡಿಮೆ, ಎಲ್‌ಬಿಡಬ್ಲ್ಯೂ ತೀರ್ಪು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾದ ಕೋನ ಅನೇಕ ಸಲ ಇರುವುದಿಲ್ಲ, ಬೌಂಡರಿಯಂಚಿನ ಕ್ಯಾಚುಗಳಲ್ಲಿ ಕಾಲು ಹಗ್ಗಕ್ಕೆ ತಾಗಿತೇ ಎಂಬುದು ತಿಳಿಯುವುದಿಲ್ಲ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಇರುವ ಬಂಡವಾಳದಲ್ಲಿ ಇಷ್ಟನ್ನಾದರೂ ಕಾಣಿಸುತ್ತಿರುವುದೇ ದೊಡ್ಡ ಮಾತು.

ಲೀಗಿನ ರಚನೆಯನ್ನು ಅರಿಯದೆ ಈ ಸೇವೆಯ ಗುಣದೋಷಗಳನ್ನು ತೂಗಲು ಆಗುವುದಿಲ್ಲ. ಲೀಗ್ 2ರಲ್ಲಿ ಎಂಟು ತಂಡಗಳಿವೆ: ಕೆನಡಾ, ನಮೀಬಿಯಾ, ನೇಪಾಳ, ನೆದರ್ಲೆಂಡ್ಸ್, ಒಮಾನ್, ಸ್ಕಾಟ್ಲೆಂಡ್, ಯುಎಇ ಮತ್ತು ಅಮೆರಿಕ. 24 ತ್ರಿಕೋನ ಸರಣಿಗಳಲ್ಲಿ ಒಟ್ಟು 144 ಪಂದ್ಯಗಳು ನಡೆಯುತ್ತವೆ. ಪ್ರತಿ ತಂಡವೂ 36 ಪಂದ್ಯಗಳನ್ನು ಆಡುತ್ತದೆ. ಮೇಲಿನ ನಾಲ್ಕು ತಂಡಗಳು 2027ರ ವಿಶ್ವಕಪ್‌ನ ಅರ್ಹತಾ ಟೂರ್ನಿಗೆ ನೇರವಾಗಿ ಹೋಗುತ್ತವೆ. ಕೆಳಗಿನ ನಾಲ್ಕು ತಂಡಗಳು ಪ್ಲೇ ಆಫ್ ಎಂಬ ಇನ್ನೊಂದು ಗಂಡಾಂತರವನ್ನು ದಾಟಬೇಕಾಗುತ್ತದೆ. ಅಲ್ಲಿ ಅವುಗಳ ಎದುರು ನಿಲ್ಲುವವರು ಚಾಲೆಂಜ್ ಲೀಗ್ ಎಂಬ ಕೆಳಹಂತದಿಂದ ಹಸಿದು ಬಂದ ತಂಡಗಳು. ನಮ್ಮ ವಲಯದ ಡಿವಿಷನ್ ಲೀಗನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೇ ಡಿವಿಷನ್‌ನಿಂದ ಮೊದಲನೆಯದಕ್ಕೆ ಏರುವ ಆಸೆ ಮತ್ತು ಮೂರನೆಯದಕ್ಕೆ ಜಾರುವ ಭಯ ಎರಡೂ ಒಂದೇ ಪಂದ್ಯದಲ್ಲಿ ಎದುರುಬದುರಾದಾಗ ಯೂನಿಯನ್ ಜಿಮ್ಖಾನಾ ಮೈದಾನದಲ್ಲಿ ಹನ್ನೊಂದನೇ ಬ್ಯಾಟರ್ ಹೇಗೆ ಹಲ್ಲು ಕಚ್ಚಿ ನಿಲ್ಲುತ್ತಾನೆ ಎಂಬುದನ್ನು ನಾನು ಸ್ಕೋರರ್ ಮೇಜಿನಿಂದ ಕಣ್ಣಾರೆ ಕಂಡಿದ್ದೇನೆ. ಲೀಗ್ 2ರ ಜೀವವೂ ಅಲ್ಲೇ ಇದೆ.

ಈ ಜೀವವನ್ನೇ ಆ್ಯಪ್ ತೋರಿಸುವುದಿಲ್ಲ. ಪಂದ್ಯದ ಪುಟವನ್ನು ತೆರೆದರೆ ಎರಡು ದೇಶಗಳ ಬಾವುಟ, ಸ್ಕೋರು, ಆಡುವ ಹನ್ನೊಂದು ಜನರ ಪಟ್ಟಿ ಮತ್ತು ಜಾಹೀರಾತು ಕಾಣುತ್ತವೆ. ಆದರೆ ಅಂಕಪಟ್ಟಿ ಇಲ್ಲ. ಯಾವ ತಂಡ ಎಷ್ಟನೇ ಸ್ಥಾನದಲ್ಲಿದೆ, ಇನ್ನೆಷ್ಟು ಪಂದ್ಯ ಬಾಕಿ ಇವೆ, ಇಂದು ಸೋತವರು ನಾಲ್ಕರಿಂದ ಐದಕ್ಕೆ ಇಳಿಯುತ್ತಾರೆಯೇ ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. ವೀಕ್ಷಕ ವಿವರಣೆಕಾರರು ನಡುನಡುವೆ ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ನಮ್ಮ ಕ್ಲಬ್ಬಿನ ಹದಿನಾರು ವರ್ಷದ ಎಡಗೈ ಸ್ಪಿನ್ನರ್ ಒಬ್ಬ ಒಂದು ದಿನ ನೆಟ್ ಅಭ್ಯಾಸ ಮುಗಿಸಿ ಬಂದವನು ನನ್ನ ಭುಜದ ಮೇಲಿಂದ ಮೊಬೈಲ್ ನೋಡುತ್ತ, "ಸರ, ಇದನ್ನ ಗೆದ್ರ ಅವರಿಗೇನ್ ಸಿಗತೈತ್ರಿ?" ಎಂದು ಕೇಳಿದ. ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ. ನಾನು ಮೊಬೈಲನ್ನು ಪಕ್ಕಕ್ಕಿಟ್ಟು, ಚೀಲದಲ್ಲಿದ್ದ ನೋಟ್‌ಬುಕ್ ತೆಗೆದು, ನಾನೇ ಗೆರೆ ಎಳೆದು ಬರೆದಿಟ್ಟುಕೊಂಡ ಪಟ್ಟಿಯನ್ನು ತೋರಿಸಿ ಹೇಳಬೇಕಾಯಿತು. ಗೆಲುವಿಗೆ ಎರಡು ಅಂಕ, ನಾಲ್ಕನೇ ಮತ್ತು ಐದನೇ ಸ್ಥಾನದ ನಡುವೆ ಕೆಂಪು ಶಾಯಿಯ ಗೆರೆ, ಗೆರೆಯ ಕೆಳಗೆ ಇರುವವರಿಗೆ ಪ್ಲೇ ಆಫ್. ಅಷ್ಟು ತಿಳಿದ ಮೇಲೆ ಆತ ಉಳಿದ ಹದಿನೆಂಟು ಓವರುಗಳನ್ನು ನನ್ನ ಪಕ್ಕದಲ್ಲೇ ಕುಳಿತು ನೋಡಿದ.

ಪಟ್ಟಿ ಇದ್ದರೆ ಪಂದ್ಯದ ಬೆಲೆ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಹಿಂದಿನ ಆವೃತ್ತಿಯಲ್ಲೇ ದೊಡ್ಡ ನಿದರ್ಶನವಿದೆ. 2019ರಿಂದ 2023ರವರೆಗೆ ನಡೆದ ಆ ಲೀಗಿನಲ್ಲಿ ಏಳು ತಂಡಗಳಿದ್ದವು ಮತ್ತು ಮೊದಲ ಮೂರಕ್ಕೆ ಮಾತ್ರ ನೇರ ದಾರಿಯಿತ್ತು. ಬಹಳ ಹಿಂದೆ ಬಿದ್ದಿದ್ದ ನೇಪಾಳ ಕೊನೆಯ ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದಿತು. 2023ರ ಮಾರ್ಚ್ 16ರಂದು ಕೀರ್ತಿಪುರದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಯುಎಇ ಪರ ಆಸಿಫ್ ಖಾನ್ 41 ಎಸೆತಗಳಲ್ಲಿ ಶತಕ ಬಾರಿಸಿದರು. ನೇಪಾಳದ ಬೆನ್ನಟ್ಟುವಿಕೆಯ ನಡುವೆ ಬೆಳಕು ಕುಂದಿತು. ಅರ್ಧಕ್ಕೆ ನಿಂತ ಪಂದ್ಯದ ಫಲಿತಾಂಶ ನಿರ್ಧರಿಸುವ ಡಕ್‌ವರ್ತ್ ಲೂಯಿಸ್ ಲೆಕ್ಕದಲ್ಲಿ ನೇಪಾಳ 9 ರನ್‌ಗಳಿಂದ ಗೆದ್ದು ಮೂರನೇ ಸ್ಥಾನಕ್ಕೆ ಬಂತು. ಮೈದಾನದ ಸುತ್ತಲಿನ ಮರಗಳ ಮೇಲೂ ಜನರಿದ್ದರು. ಅವರೆಲ್ಲರಿಗೂ ಅಂಕಪಟ್ಟಿ ಬಾಯಿಪಾಠವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ಪಂದ್ಯವನ್ನು ಪಟ್ಟಿಯಿಲ್ಲದೆ ನೋಡಿದವನಿಗೆ ಅದು ಮಬ್ಬುಗತ್ತಲಲ್ಲಿ ಅರ್ಧಕ್ಕೆ ನಿಂತ ಪಂದ್ಯವಾಗಿ ಮಾತ್ರ ಕಂಡೀತು.

ನನ್ನ ನೋಟ್‌ಬುಕ್‌ನಲ್ಲಿ ನನಗೆ ಅತಿ ಪ್ರಿಯವಾದ ಪುಟ 2025ರ ಫೆಬ್ರುವರಿ 18ರದು. ಒಮಾನ್‌ನ ಅಲ್ ಅಮರಾತ್ ಮೈದಾನದಲ್ಲಿ ಅಮೆರಿಕ 122 ರನ್‌ಗಳಿಗೆ ಆಲೌಟಾಯಿತು. ಇನ್ನೇನಿದೆ ಎಂದು ಪೆನ್ನು ಮುಚ್ಚುವ ಮನಸ್ಸಾಗಿತ್ತು; ಮುಚ್ಚಲಿಲ್ಲ. ಒಮಾನ್ 65ಕ್ಕೆ ಕುಸಿಯಿತು. ಓವರ್ ಕಡಿತವಿಲ್ಲದ ಏಕದಿನ ಪಂದ್ಯದಲ್ಲಿ ಯಾವ ತಂಡವೂ ಇಷ್ಟು ಸಣ್ಣ ಮೊತ್ತವನ್ನು ಕಾಪಾಡಿಕೊಂಡಿರಲಿಲ್ಲ. ಅದಕ್ಕೂ ಮೊದಲಿನ ದಾಖಲೆ 1985ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು 125 ರನ್‌ಗಳನ್ನು ರಕ್ಷಿಸಿಕೊಂಡ ಭಾರತದ್ದಾಗಿತ್ತು. ಇಡೀ ಪಂದ್ಯದಲ್ಲಿ ವೇಗದ ಬೌಲರ್ ಒಬ್ಬನೂ ಒಂದು ಎಸೆತವನ್ನೂ ಹಾಕಲಿಲ್ಲ. ಸ್ಕೋರ್‌ಬುಕ್ಕಿನ ಬೌಲಿಂಗ್ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಸ್ಪಿನ್ನರುಗಳ ಹೆಸರುಗಳೇ ಇರುವ ಪುಟವನ್ನು ನಾನು ನಮ್ಮ ಮ್ಯಾಟಿಂಗ್ ಪಿಚ್ಚುಗಳ ಕಾಲದಲ್ಲೂ ಬರೆದವನಲ್ಲ. ಆ ಅಂಕಣದಲ್ಲಿ 11 ರನ್‌ಗೆ 5 ವಿಕೆಟ್ ಎಂಬ ಅಂಕಿಯ ಎದುರು ಇರುವ ಹೆಸರು ನಾಸ್ತುಶ್ ಕೆಂಜಿಗೆ. ಅಮೆರಿಕದಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಬೆಳೆದ ಈ ಎಡಗೈ ಸ್ಪಿನ್ನರನೇ 2024ರ ಟಿ20 ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತವರು. ಈ ಪಂದ್ಯವನ್ನು ನೇರವಾಗಿ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಇದೇ ಆ್ಯಪ್‌ನಿಂದ. ಆ ಋಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಕನ್ನಡದ ಹುಡುಗನೊಬ್ಬ ವಿಶ್ವದಾಖಲೆಯ ಪಂದ್ಯ ಗೆಲ್ಲಿಸಿದ ದಿನ, ಕರ್ನಾಟಕದ ಚಂದಾದಾರರಿಗೆ ಒಂದು ಸೂಚನೆಯನ್ನಾದರೂ ಕಳಿಸುವ ಬುದ್ಧಿ ಆ್ಯಪ್ ನಡೆಸುವವರಿಗೆ ಇರಬೇಕಿತ್ತು. ಅಂದು ನನ್ನ ಮೊಬೈಲಿಗೆ ಬಂದ ಸೂಚನೆಗಳೆಲ್ಲ ದೊಡ್ಡ ತಂಡಗಳ ಸುದ್ದಿಯೇ ಆಗಿದ್ದವು.

ಎರಡನೇ ದೊಡ್ಡ ದೂರು ತಾಂತ್ರಿಕವಾದದ್ದು. 2025ರ ಜೂನ್ 12ರಂದು ಡಂಡೀಯಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಮನ್ಸಿ 191 ರನ್ ಹೊಡೆದರು. ತಂಡದ ಮೊತ್ತ 369. ಜೂನ್‌ನಲ್ಲಿ ಬೆಳಗಾವಿಯ ಮಳೆ ನಮ್ಮ ಮೈದಾನಗಳಿಗೆ ಬೀಗ ಹಾಕಿರುತ್ತದೆ, ನನಗೆ ಬೇರೆ ಕೆಲಸವಿರಲಿಲ್ಲ. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಓಡೌಡ್ ಔಟಾಗದೆ 158 ರನ್ ಮಾಡಿ ಆ ಬೆಟ್ಟದಂತಹ ಮೊತ್ತವನ್ನು ದಾಟಿಸಿದರು. ಕೊನೆಯ ಓವರುಗಳಲ್ಲಿ ನನ್ನ ಪರದೆ ನಿಂತಿತು. ಮನೆಯ ವೈಫೈ ಸರಿಯಿತ್ತು, ಬೇರೆ ವಿಡಿಯೊಗಳು ಓಡುತ್ತಿದ್ದವು. ಆ್ಯಪ್ ಮಾತ್ರ ವೃತ್ತ ತಿರುಗಿಸುತ್ತ ಕುಳಿತಿತ್ತು. ಮತ್ತೆ ಲಾಗಿನ್ ಆಗಿ ಒಳಗೆ ಹೋಗುವಷ್ಟರಲ್ಲಿ ಆಟಗಾರರು ಕೈ ಕುಲುಕುತ್ತಿದ್ದರು. ದೂರು ಬರೆದರೆ ಎರಡು ದಿನಗಳ ನಂತರ, ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸಿದ್ಧ ಉತ್ತರ ಬಂತು. ಪೂರ್ತಿ ಪಂದ್ಯದ ಮರುಪ್ರಸಾರ ಹುಡುಕಿದರೆ ಹತ್ತು ನಿಮಿಷಗಳ ತುಣುಕಷ್ಟೇ ಸಿಕ್ಕಿತು. ಹಣ ಕೊಟ್ಟವನಿಗೆ ತಪ್ಪಿಹೋದ ಎಸೆತಗಳನ್ನು ನೋಡುವ ಹಕ್ಕಿದೆ ಎಂದು ನಾನು ನಂಬುತ್ತೇನೆ.

ಚಾಲೆಂಜ್ ಲೀಗಿನ ವಿಷಯದಲ್ಲಿ ಸೇವೆ ಇನ್ನೂ ಬಡವಾಗಿದೆ. ಪಂದ್ಯಗಳು ಇವೆಯೋ ಇಲ್ಲವೋ ಎಂಬುದನ್ನು ಬೆಳಗ್ಗೆ ಆ್ಯಪ್ ತೆರೆದೇ ತಿಳಿಯಬೇಕು. ಆರಾರು ತಂಡಗಳ ಎರಡು ಗುಂಪುಗಳಿರುವ ಈ ಲೀಗಿನಲ್ಲಿ ಕೀನ್ಯಾ ಇದೆ. 2003ರಲ್ಲಿ ವಿಶ್ವಕಪ್ ಸೆಮಿಫೈನಲ್ ಆಡಿದ, 2007ರಲ್ಲಿ ವಿಶ್ವ ಕ್ರಿಕೆಟ್ ಲೀಗಿನ ಮೊದಲ ಡಿವಿಷನ್ನನ್ನು ತನ್ನ ನೆಲದಲ್ಲೇ ಗೆದ್ದ ತಂಡ ಅದು. 2014ರಲ್ಲಿ ಏಕದಿನ ಮಾನ್ಯತೆ, ಅಂದರೆ ಅಧಿಕೃತ ಅಂತರರಾಷ್ಟ್ರೀಯ ಏಕದಿನ ಪಂದ್ಯ ಆಡುವ ಅರ್ಹತೆ, ಕಳೆದುಕೊಂಡು, ಇಂದು ಕತಾರ್, ಕುವೈತ್ ಮತ್ತು ಡೆನ್ಮಾರ್ಕ್ ತಂಡಗಳ ಜೊತೆ ಮೇಲೇರುವ ದಾರಿ ಹುಡುಕುತ್ತಿದೆ. ಹಳೆಯ ವಿಶ್ವ ಕ್ರಿಕೆಟ್ ಲೀಗಿನ ಡಿವಿಷನ್‌ಗಳ ಮೆಟ್ಟಿಲುಗಳನ್ನು ಹತ್ತಿದ ಅಫ್ಗಾನಿಸ್ತಾನ 2008ರ ಮೇ ತಿಂಗಳಲ್ಲಿ ಜರ್ಸಿ ದ್ವೀಪದಲ್ಲಿ ಐದನೇ ಡಿವಿಷನ್, ಅಕ್ಟೋಬರ್‌ನಲ್ಲಿ ತಾಂಜಾನಿಯಾದಲ್ಲಿ ನಾಲ್ಕನೆಯದು, 2009ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೂರನೆಯದು ಗೆದ್ದು, ಏಪ್ರಿಲ್‌ನಲ್ಲಿ ಏಕದಿನ ಮಾನ್ಯತೆ ಪಡೆಯಿತು. ಒಂಬತ್ತು ವರ್ಷಗಳ ನಂತರ, 2018ರ ಜೂನ್‌ನಲ್ಲಿ, ಅವರು ತಮ್ಮ ಮೊದಲ ಟೆಸ್ಟ್ ಆಡಿದ್ದು ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ. ಎರಡೇ ದಿನಗಳಲ್ಲಿ ಸೋತರು ನಿಜ, ಆದರೆ ಐದನೇ ಡಿವಿಷನ್‌ನಿಂದ ಬಂದವರು ಆ ಅಂಗಳದಲ್ಲಿ ಬಿಳಿ ಉಡುಪಿನಲ್ಲಿ ನಿಂತಿದ್ದರು. ಈ ಏರಿಳಿತವನ್ನು ಒಂದು ಪುಟದಲ್ಲಿ, ಒಂದು ಚಿಕ್ಕ ಟಿಪ್ಪಣಿಯಲ್ಲಿ ಕೊಟ್ಟರೂ ಸಾಕು, ನೋಡುಗ ಕತಾರ್–ಕೀನ್ಯಾ ಪಂದ್ಯಕ್ಕೂ ಕುಳಿತುಕೊಳ್ಳುತ್ತಾನೆ.

ಲೀಗಿನ ವ್ಯವಸ್ಥೆಯ ಬಗ್ಗೆಯೂ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಹಳೆಯ ಡಿವಿಷನ್ ಟೂರ್ನಿಗಳಲ್ಲಿ ಒಂದು ವಾರದ ಆಟ ಕೆಟ್ಟರೆ ದೇಶವೊಂದರ ಕ್ರಿಕೆಟ್ ವರ್ಷಗಟ್ಟಲೆ ಹಿಂದೆ ಬೀಳುತ್ತಿತ್ತು. 2018ರ ಫೆಬ್ರುವರಿಯಲ್ಲಿ ನಮೀಬಿಯಾದಲ್ಲಿ ಕೆನಡಾ ಎದುರು ನೇಪಾಳದ ಕೊನೆಯ ಜೋಡಿ 51 ರನ್ ಸೇರಿಸಿ ಒಂದು ವಿಕೆಟ್‌ನಿಂದ ಗೆಲ್ಲದೆ ಹೋಗಿದ್ದರೆ, ಮುಂದಿನ ತಿಂಗಳು ಅವರಿಗೆ ಏಕದಿನ ಮಾನ್ಯತೆಯೇ ಸಿಗುತ್ತಿರಲಿಲ್ಲ. 36 ಪಂದ್ಯಗಳ ಈಗಿನ ಪದ್ಧತಿ ಅದಕ್ಕಿಂತ ಎಷ್ಟೋ ನ್ಯಾಯಯುತವಾದದ್ದು. ಆದರೆ ಬಲಾಢ್ಯ ತಂಡಗಳೊಂದಿಗೆ ಆಡಲು ಅವಕಾಶ ಕೊಟ್ಟಿದ್ದ ಸೂಪರ್ ಲೀಗನ್ನು ಒಂದೇ ಆವೃತ್ತಿಗೆ ಮುಗಿಸಿದ್ದು ದೊಡ್ಡ ತಪ್ಪು ಎಂಬುದು ನನ್ನ ದೃಢ ನಂಬಿಕೆ. ಅದರಲ್ಲಿ ನೆದರ್ಲೆಂಡ್ಸ್ ಕೊನೆಯ ಸ್ಥಾನ ಪಡೆಯಿತು. ಆದರೂ 2023ರ ಅರ್ಹತಾ ಟೂರ್ನಿಯಲ್ಲಿ ವೆಸ್ಟ್ ಇಂಡೀಸ್ ತಂಡವನ್ನು ಸೂಪರ್ ಓವರ್‌ನಲ್ಲಿ ಮಣಿಸಿ, ಬೆಂಗಳೂರಿನ ಆಲೂರಿನಲ್ಲಿ ಅಭ್ಯಾಸ ಮಾಡಿ, ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾವನ್ನೇ ಸೋಲಿಸಿತು. ದೊಡ್ಡವರೊಂದಿಗೆ ಆಡಿ ಸೋತು ಕಲಿತ ಪಾಠವಿಲ್ಲದೆ ಅದು ಸಾಧ್ಯವಿರಲಿಲ್ಲ.

ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ವಿವರಣೆಕಾರರು ಸ್ಥಳೀಯ ಆಟಗಾರರನ್ನು ಬಲ್ಲವರಾಗಿದ್ದರೆ ಅದು ಸೊಗಸಾಗಿರುತ್ತದೆ. ಕನ್ನಡದ ವಿವರಣೆಯನ್ನು ಈಗಲೇ ನಿರೀಕ್ಷಿಸುವುದು ಕಷ್ಟ. ಕನಿಷ್ಠ ಪಂದ್ಯದ ಮಾಹಿತಿಯಾದರೂ ಕನ್ನಡದಲ್ಲಿ ಬರಲಿ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ; ಅಂಕಪಟ್ಟಿಯನ್ನು ಪಂದ್ಯದ ಪುಟದಲ್ಲೇ ಹಾಕಿದ ದಿನ ನಾಲ್ಕಕ್ಕೆ ಏರಿಸುತ್ತೇನೆ. ಹೊಸದಾಗಿ ಸೇರುವವರು ವರ್ಷದ ಚಂದಾ ಕಟ್ಟದೆ ಒಂದು ತ್ರಿಕೋನ ಸರಣಿಯ ಪಾಸ್ ಮಾತ್ರ ಕೊಳ್ಳಲಿ, ಅದೂ ನೇಪಾಳ ತನ್ನ ನೆಲದಲ್ಲಿ ಆಡುವ ಸರಣಿಯಾದರೆ ಬಹಳ ಒಳ್ಳೆಯದು. ಪಂದ್ಯ ನಮ್ಮ ಬೆಳಗಿನ ಹೊತ್ತಿಗೇ ಶುರುವಾಗುತ್ತದೆ, ಜನರ ಕೂಗು ಕ್ಯಾಮೆರಾಗಳ ಕೊರತೆಯನ್ನು ತುಂಬಿಕೊಡುತ್ತದೆ. ಪಕ್ಕದಲ್ಲಿ ಎಂಟು ಸಾಲಿನ ಒಂದು ಹಾಳೆ ಮತ್ತು ಕೆಂಪು ಪೆನ್ನು ಇರಲಿ.