ಕಂಪನಿ ಎಎಂಸಿ, ಅಂಗಡಿ ಹುಡುಗ, ಐದು ರೂಪಾಯಿ ಕ್ಯಾನು: ಮೂರನ್ನೂ ಕುಡಿದು ನೋಡಿದ ಮೇಲೆ

ನೀರು ಕೆಟ್ಟಿದೆ ಅಂತ ನಮ್ಮ ಮನೆಯಲ್ಲಿ ಮೊದಲು ಗೊತ್ತಾಗುವುದು ಅತ್ತೆಗೆ. ಮೂರು ವಿಷಲ್‌ಗೆ ಬೇಯಬೇಕಾದ ತೊಗರಿಬೇಳೆ ಆರು ಕೂಗಿಸಿದರೂ ಗಟ್ಟಿಯಾಗೇ ಇದ್ದರೆ, "ಮೆಷಿನ್ ಮತ್ತೆ ಕೈ ಕೊಡ್ತು ಕಣಮ್ಮಾ" ಅಂತಾರೆ. ಆಮೇಲೆ ನಾನು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ, ಅಳೆಯುವ ಮೀಟರ್ ಅದ್ದಿ ನೋಡುತ್ತೇನೆ. ಇದುವರೆಗೆ ಅತ್ತೆ ಒಮ್ಮೆಯೂ ಸೋತಿಲ್ಲ.

ನಾವಿರುವುದು ತುಮಕೂರಿನ ಅಂಚಿನ ಒಂದು ಬಡಾವಣೆಯಲ್ಲಿ. ಹೇಮಾವತಿ ನೀರು ನಮ್ಮ ಬೀದಿಗೆ ಇನ್ನೂ ನೆಟ್ಟಗೆ ಬಂದಿಲ್ಲ, ಬೋರ್ ನೀರೇ ಗತಿ. ಬೇಸಿಗೆಯಲ್ಲಿ ಟಿಡಿಎಸ್ 950ರ ಆಸುಪಾಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಇಟ್ಟಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 2000ದವರೆಗೆ ನಡೆಯುತ್ತೆ ಅಂತಲೂ ಅದೇ ಹೇಳುತ್ತೆ. ನಡೆಯುತ್ತೆ ನಿಜ, ಬೇಳೆ ಮಾತ್ರ ಬೇಯಲ್ಲ. ಹಾಗಾಗಿ ನಮಗೆ ಆರ್‌ಒ ನೀರು, ಅಂದರೆ ತೆಳು ಪೊರೆಯ ಮೂಲಕ ಒತ್ತಿ ಲವಣ ಸೋಸಿದ ನೀರು, ಬೇಕೇ ಬೇಕು. ಅದು ಸಿಗುವ ದಾರಿ ಮೂರು: ದೊಡ್ಡ ಕಂಪನಿಯ ಮೆಷಿನ್ ಮತ್ತು ವರ್ಷದ ಎಎಂಸಿ (ನಿರ್ವಹಣೆ ಒಪ್ಪಂದ), ಊರಿನ ಅಂಗಡಿಯವನು ಜೋಡಿಸಿ ಕೊಡುವ ಮೆಷಿನ್, ಮತ್ತು ಶುದ್ಧ ನೀರಿನ ಘಟಕದ ಕ್ಯಾನು. ಮೂರೂ ಆಗಿದೆ ನಮ್ಮ ಮನೆಯಲ್ಲಿ.

ಕಂಪನಿಯಿಂದಲೇ ಶುರು ಮಾಡುತ್ತೇನೆ, ಹೊಟ್ಟೆಯಲ್ಲಿ ಉರಿ ಇರುವುದು ಅಲ್ಲೇ. ಹೆಸರು ಬೇಡ. 2012ರಲ್ಲಿ ಅವರದೇ ಮೊದಲ ಮೆಷಿನ್ ತಂದಿದ್ದೆವು. ಒಂಬತ್ತು ವರ್ಷ ಚೆನ್ನಾಗೇ ನಡೆಯಿತು. 2021ರಲ್ಲಿ ಹೊಸ ಮಾಡೆಲ್ ಮಾರಲು ಒಬ್ಬ ಮನೆಗೆ ಬಂದ. ಎರಡು ಲೋಟ ತೆಗೆದುಕೊಂಡ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅವನ ಮೆಷಿನ್ ನೀರು. ಎರಡಕ್ಕೂ ಕರೆಂಟ್ ಕಡ್ಡಿ ಇಳಿಸಿದ. ಎರಡೇ ನಿಮಿಷ, ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಚ್ಚೆ ತೇಲಿತು. "ನೋಡಿ ಅಮ್ಮ, ಮಕ್ಕಳಿಗೆ ಇದನ್ನೇ ಕುಡಿಸ್ತಿದೀರಾ?" ಅಂದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ನಾನು ಚೆಕ್ ಬರೆದೆ.

ಆ ಕೊಚ್ಚೆ ನೀರಿನದಲ್ಲ, ಕಡ್ಡಿಯದು ಅಂತ ಆಮೇಲೆ ಗೊತ್ತಾಯಿತು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಸರಾಗವಾಗಿ ಹರಿಯುತ್ತೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕು ಬಿಡುತ್ತೆ. ಆರ್‌ಒ ನೀರಿನಲ್ಲಿ ಉಪ್ಪು ಕಡಿಮೆ, ಕರೆಂಟ್ ಹರಿಯಲ್ಲ, ಕಡ್ಡಿ ಸುಮ್ನಿರುತ್ತೆ. ಅದೇ ಆರ್‌ಒ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದ್ದರೆ ಅದೂ ಕಂದಾಗುತ್ತಿತ್ತು. ಇದನ್ನು ತೋರಿಸಿಯೇ ಹದಿನೇಳು ಸಾವಿರದ ಮೆಷಿನ್ ಮಾರಿದ್ದ ಪುಣ್ಯಾತ್ಮ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡದೆ ಗುಬ್ಬಿಯ ತಮ್ಮನಿಗೆ ಕೊಟ್ಟೆವು. ಅದೃಷ್ಟಕ್ಕೆ, ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಹಳೆಯದರ ಫಿಲ್ಟರ್ ಹೌಸಿಂಗ್ ಗಟ್ಟಿ ಪ್ಲಾಸ್ಟಿಕ್, ಕೈಯಲ್ಲಿ ತಿರುಗಿಸಿ ಬಿಚ್ಚಬಹುದು, ಯಾವ ಅಂಗಡಿಯ ಕ್ಯಾಂಡಲ್ ಆದರೂ ಕೂರುತ್ತೆ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಹೊಸದರಲ್ಲಿ ಸ್ಕ್ರೂನೇ ಇಲ್ಲ, ಬರೀ ಕ್ಲಿಪ್. ಮೊದಲ ಸರ್ವೀಸ್‌ಗೆ ಬಂದವನೇ ಎರಡು ಕ್ಲಿಪ್ ಮುರಿದ. ಮುಚ್ಚಳ ಇವತ್ತಿಗೂ ಸೆಲ್ಲೋಟೇಪ್‌ನಲ್ಲಿ ನಿಂತಿದೆ. ಕಾರ್ಟ್ರಿಡ್ಜ್ ಅವರದೇ ಆಕಾರ, ಹೊರಗೆ ಸಿಗಲ್ಲ. ನಲ್ಲಿ ಐದನೇ ತಿಂಗಳಿಗೆ ಸೋರಿತು. ಜೊತೆಗೆ ಒಂದು ಕೌಂಟರ್ ಬೇರೆ ಇದೆ. ಇಷ್ಟು ದಿನ ಅಂತ ಮುಗಿದ ಮೇಲೆ, ಫಿಲ್ಟರ್ ಚೆನ್ನಾಗಿದ್ದರೂ ಕೀಂ ಕೀಂ ಅಂತ ಕೂಗಿ ನೀರು ನಿಲ್ಲಿಸುತ್ತೆ. ಕಂಪನಿಯವನು ಬಂದು ಅದನ್ನು ಸೊನ್ನೆ ಮಾಡಬೇಕು. ಬರ್ತಾನಾ ಅನ್ನೋದೇ ಪ್ರಶ್ನೆ.

ಎಎಂಸಿ 5,400 ರೂಪಾಯಿ. ಕಾಗದದ ಮೇಲೆ 'ಎಲ್ಲವೂ ಸೇರಿ', '48 ಗಂಟೆಯೊಳಗೆ ಸೇವೆ'. 2023ರ ಮಾರ್ಚ್‌ನಲ್ಲಿ ಹೊರಬರುವ ನೀರಿನ ಟಿಡಿಎಸ್ 60ರಿಂದ 340ಕ್ಕೆ ಏರಿತು. ಅಂದರೆ ಲವಣ ಸೋಸುವ ಪೊರೆ, ಮೆಂಬ್ರೇನ್, ಹೋಗಿದೆ. ದೂರು ಕೊಟ್ಟೆ. ಮರುದಿನ ಟೆಕ್ನಿಷಿಯನ್ ಫೋನು.

"ಮೇಡಂ, ನಿಮ್ಗೊಂದು ಮೆಸೇಜ್ ಬಂದಿರುತ್ತೆ, ಆ ನಂಬರ್ ಹೇಳಿ. ನಾಳೆ ಖಂಡಿತ ಬರ್ತೀನಿ."

"ಅದು ರಿಪೇರಿ ಆದ್ಮೇಲೆ ಕೊಡೋದಲ್ವಾ?"

"ಹೌದು ಮೇಡಂ. ಆದ್ರೆ ಟೈಮ್ ದಾಟಿದ್ರೆ ನನ್ ದುಡ್ಡು ಕಟ್ ಆಗುತ್ತೆ."

ಪಾಪ ಅನ್ನಿಸಿ ಹೇಳಿಬಿಟ್ಟೆ. ಅದೇ ತಪ್ಪಾಗಿದ್ದು. ಆ ನಾಲ್ಕಂಕಿಯನ್ನು ಅವರು 'ಹ್ಯಾಪಿ ಕೋಡ್' ಅಂತಾರಂತೆ. ಐದೇ ನಿಮಿಷಕ್ಕೆ 'ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ, ರೇಟಿಂಗ್ ನೀಡಿ' ಅಂತ ಮೆಸೇಜ್. ಹನ್ನೊಂದು ದಿನ ಯಾರೂ ಬರಲಿಲ್ಲ. ಕಾಲ್ ಸೆಂಟರ್‌ನಲ್ಲಿ ಪ್ರತಿ ಸಲ ಹೊಸ ದನಿ, ಪ್ರತಿ ಸಲ 'ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ'. ಕೊನೆಗೆ ಬಂದ ಹುಡುಗ ಮೆಂಬ್ರೇನ್ ನೋಡಿ, "ನಿಮ್ಮ ಬೋರ್‌ನಲ್ಲಿ ಟಿಡಿಎಸ್ ಜಾಸ್ತಿ, ಅದಕ್ಕೇ ಹೋಗಿದೆ. ಕವರ್ ಆಗಲ್ಲ, 3,200 ಆಗುತ್ತೆ" ಅಂದ. ಟಿಡಿಎಸ್ ಜಾಸ್ತಿ ಇರೋದಕ್ಕೇ ತಾನೆ ಆರ್‌ಒ ತಂದಿದ್ದು! ಕೊಡೆ ಮಾರಿದವನು ಮಳೆ ಬಂದರೆ ಗ್ಯಾರಂಟಿ ಇಲ್ಲ ಅಂದ ಹಾಗಾಯಿತು.

ಆಗ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎಎಂಸಿ ರಸೀದಿ, ಆ 'ಯಶಸ್ವಿ' ಮೆಸೇಜು, ತಾರೀಕು ಎಲ್ಲ ಕೊಟ್ಟೆ. ನಾಲ್ಕನೇ ದಿನ ಕಂಪನಿಯ ಬೆಂಗಳೂರು ಆಫೀಸಿನಿಂದ ಫೋನ್ ಬಂತು, ವಾರದಲ್ಲಿ ಮೆಂಬ್ರೇನ್ ಕಾಸಿಲ್ಲದೆ ಬದಲಾಯಿತು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನನಗೆ ಅಲ್ಲಿಯವರೆಗೆ ಹೋಗುವ ಕಷ್ಟ ಬರಲಿಲ್ಲ. ಆದರೆ ಒಂದು ಮೆಂಬ್ರೇನ್‌ಗೆ ದೆಹಲಿವರೆಗೆ ದೂರು ಹೋಗಬೇಕಾದರೆ ಎಎಂಸಿ ಯಾಕೆ? ಮುಂದಿನ ವರ್ಷ ಕಟ್ಟಲಿಲ್ಲ.

ಆ ಹನ್ನೊಂದು ದಿನ, ಆಮೇಲೂ ಮೂರು ತಿಂಗಳು ಘಟಕದ ನೀರು ಕುಡಿದೆವು. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಕುಡಿಯಲು, ಅಡುಗೆಗೆ ದಿನಕ್ಕೆ ಒಂದು ಕ್ಯಾನು ಅಂದರೂ ವರ್ಷಕ್ಕೆ 1,825 ರೂಪಾಯಿ, ಇದಕ್ಕಿಂತ ಅಗ್ಗ ಯಾವುದೂ ಇಲ್ಲ. ಬೇಳೆ ಮೂರೇ ವಿಷಲ್. ಆದರೆ ಕರೆಂಟ್ ಹೋದರೆ ನೀರಿಲ್ಲ, ಕಾಯಿನ್ ಬಾಕ್ಸ್ ಕೆಟ್ಟರೆ ನೀರಿಲ್ಲ, ಸಂಜೆ ಕ್ಯೂ. ಗೋಡೆಯ ಮೇಲೆ 'ನೀರಿನ ಪರೀಕ್ಷೆ ನಡೆದ ದಿನಾಂಕ' ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದರು. 20 ಕೆಜಿ ಕ್ಯಾನನ್ನು ಸ್ಕೂಟಿಯ ಕಾಲ ಬಳಿ ಇಟ್ಟುಕೊಂಡು ಹಂಪ್ ದಾಟಿಸುವ ಕಲೆ ನನಗೆ ಬಂತು, ಬೆನ್ನಿಗೆ ಬರಲಿಲ್ಲ.

ಈಗ ಅಂಗಡಿ ಹುಡುಗ. ಬಸ್ ಸ್ಟ್ಯಾಂಡ್ ಹತ್ತಿರ ಎಂಟಡಿ ಅಗಲದ ಅಂಗಡಿ. 2023ರ ಕೊನೆಗೆ ಅವನ ಹತ್ತಿರ 7,500ಕ್ಕೆ ಒಂದು ಮೆಷಿನ್ ಮಾಡಿಸಿದೆವು. ನೋಡಲು ಚೆಂದ ಇಲ್ಲ, ಪಂಪ್ ಹಳೇ ಮಿಕ್ಸಿ ಥರ ಗುರ್ ಅನ್ನುತ್ತೆ. ಆದರೆ ಎಲ್ಲವೂ ಬಿಚ್ಚುತ್ತೆ, ಎಲ್ಲವೂ ಸಿಗುತ್ತೆ. ಕಳೆದ ವರ್ಷ ಮೆಂಬ್ರೇನ್, ಎರಡು ಸಲ ಕಾರ್ಬನ್ ಮತ್ತು ಸೆಡಿಮೆಂಟ್ ಕ್ಯಾಂಡಲ್, ಅವನ ಕೂಲಿ ಎಲ್ಲ ಸೇರಿ 3,900 ಆಯಿತು. ಬಿಚ್ಚಿದ ಹಳೆ ಕ್ಯಾಂಡಲನ್ನು ಅತ್ತೆಯ ಕೈಗೇ ಕೊಡುತ್ತಾನೆ. ಕೆಸರು ಹತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ಕಡ್ಡಿ ಅದ್ದಿ ಹೆದರಿಸೋದು ಬೇಕಾಗಿಲ್ಲ, ಅದನ್ನು ನೋಡಿದರೆ ಸಾಕು.

ಇವನೇನು ದೇವರಲ್ಲ. ಬಿಲ್ ಕೊಡು ಅಂದರೆ ತಲೆ ಕೆರೆದುಕೊಳ್ಳುತ್ತಾನೆ. ಒಂದು ಸಲ ಯಾವುದೋ ಅಗ್ಗದ ಕಾರ್ಬನ್ ಹಾಕಿದ್ದ, ನಾಲ್ಕು ದಿನ ಕಾಫಿ ಪ್ಲಾಸ್ಟಿಕ್ ವಾಸನೆ ಹೊಡೆಯಿತು. ಬೈದ ಮೇಲೆ ಬದಲಿಸಿದ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಅಂತ ಒಂದು ವಾರ ಅಂಗಡಿ ಬಾಗಿಲು. ಮೀಟರ್‌ನಲ್ಲಿ 40 ತೋರಿಸಿ "ಅಮೃತ ಅಕ್ಕಾ ಇದು" ಅಂತಾನೆ. ಟಿಡಿಎಸ್ ಮೀಟರ್ ಹೇಳುವುದು ಕರಗಿದ ಲವಣದ ಒಟ್ಟು ಲೆಕ್ಕ ಅಷ್ಟೇ. ಕ್ರಿಮಿ ಇದೆಯಾ, ಫ್ಲೋರೈಡ್ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗಲ್ಲ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಪಾವಗಡದ ಕಡೆ, ಫ್ಲೋರೈಡ್ ಸಣ್ಣ ವಿಷಯವಲ್ಲ. ಕುದಿಸಿದರೂ ಹೋಗಲ್ಲ ಅದು. ಹಾಗಾಗಿ ಬೋರ್ ನೀರನ್ನೂ ಮೆಷಿನ್ ನೀರನ್ನೂ ಬೇರೆಬೇರೆ ಬಾಟಲಿಯಲ್ಲಿ ಲ್ಯಾಬಿಗೆ ಕೊಟ್ಟು ನೋಡಿದೆ. ಬೋರ್‌ನಲ್ಲಿ ಫ್ಲೋರೈಡ್ ಲೀಟರಿಗೆ 1.3 ಮಿಲಿಗ್ರಾಂ ಬಂತು. ಬಯಸುವ ಮಿತಿ 1, ಗತ್ಯಂತರವಿಲ್ಲದಿದ್ದರೆ 1.5. ಮೆಷಿನ್ ನೀರಿನಲ್ಲಿ ಮಿತಿಗಿಂತ ತುಂಬಾ ಕೆಳಗಿತ್ತು.

ಬೋರ್ ನೀರಿನವರು ಕೇಳಿದರೆ ನಾನು ಅಂಗಡಿಯವನನ್ನೇ ಹೇಳುತ್ತೇನೆ. ಫೋನ್ ಮಾಡಿದರೆ ಬರುತ್ತಾನೆ, ಬರದಿದ್ದರೆ ಅಂಗಡಿಗೇ ಹೋಗಿ ಎದುರು ನಿಲ್ಲಬಹುದು. ಕಂಪನಿಯ ಎದುರು ಎಲ್ಲಿ ನಿಲ್ಲೋದು? ಮನೆಯಲ್ಲಿ ಇಬ್ಬರೇ ಇದ್ದು, ಹೊತ್ತು ತರಲು ಗಟ್ಟಿ ಆಳಿದ್ದರೆ ಘಟಕವೇ ಸಾಕು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವವರಿಗೆ ನನ್ನ ಮಾತು ಬೇರೆ. ಜಯನಗರದ ನಾದಿನಿ ಮನೆಯಲ್ಲಿ ಅದೇ ಮೀಟರ್ ಅದ್ದಿದೆ, 200 ಕೂಡ ದಾಟಲಿಲ್ಲ. 2019ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಲ್ಲಿಸಿ ಅಂತ ಸರ್ಕಾರಕ್ಕೆ ಹೇಳಿತ್ತು, ನೀರು ಪೋಲಾಗುತ್ತೆ ಅಂತ. ಆದರೂ ಅವಳ ಅಡುಗೆಮನೆಯಲ್ಲಿ ಒಂದು ಲೀಟರಿಗೆ ಮೂರು ಲೀಟರ್ ಸಿಂಕಿಗೆ ಹೋಗುತ್ತಿದೆ. ಅವಳಿಗೂ ಮಾರಿದವನು ಕಡ್ಡಿ ಅದ್ದಿಯೇ ತೋರಿಸಿದ್ದನಂತೆ.

ಜಾತ್ರೆ ವಾರಕ್ಕೆ ಅಂತ ಎರಡು ಖಾಲಿ ಕ್ಯಾನು ಅಟ್ಟದ ಮೇಲೆ ಇಟ್ಟಿದ್ದೇನೆ. ಹದಿನೇಳು ಸಾವಿರದ ಮೆಷಿನ್ನೂ ಅಲ್ಲೇ ಇದೆ, ಸೆಲ್ಲೋಟೇಪ್ ಸಮೇತ. ನಿನ್ನೆ ಬೇಳೆ ನಾಲ್ಕು ವಿಷಲ್ ತಗೊಂಡಿತು. ಹುಡುಗನಿಗೆ ಫೋನ್ ಮಾಡಿದೆ, ಶನಿವಾರ ಬರ್ತೀನಿ ಅಂದಿದ್ದಾನೆ.